ದಿನ ಗೊತ್ತುಮಾಡುವುದು ಕರುವೇ

ನಮ್ಮ ಹಸುಗಳಲ್ಲಿ ಬೆಳ್ಳಿಯ ಹೆರಿಗೆ ಆಯಿತು, ಚುಕ್ಕಿಯದೂ ಆಯಿತು. ಕಪಿಲೆ, ಗೌರಿ ಇನ್ನೂ ಬಾಕಿ. ನಮ್ಮದು ಸಣ್ಣ ಕೊಟ್ಟಿಗೆ, ಮನೆಯವರೇ ನೋಡಿಕೊಳ್ಳುವಂಥದ್ದು. ಅತ್ತೆ, ನಾವಿಬ್ಬರು, ಶಾಲೆಯಿಂದ ಬಂದ ಮೇಲೆ ಮಗಳು. ಇಷ್ಟೇ ಜನ. ಅದಕ್ಕೇ ಹಸುಗಳೆಲ್ಲ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಕರು ಹಾಕಲಿ ಎಂದು, ಬೆದೆಗೆ ಬಂದಾಗಲೇ ಲೆಕ್ಕ ಹಾಕಿ ಗರ್ಭಧಾರಣೆ ಮಾಡಿಸುತ್ತೇವೆ. ನಿದ್ದೆಗೆಡುವುದು ಒಂದೇ ಸಲಕ್ಕೆ ಮುಗಿಯುತ್ತದೆ. ಕರುಗಳೂ ಒಂದೇ ವಯಸ್ಸಿನವಾಗಿರುತ್ತವೆ. ದೊಡ್ಡ ಕರುವಿನ ಭೇದಿ ಎಳೆಗರುವಿಗೆ ಅಂಟುವ ಭಯವೂ ಕಡಿಮೆ.

ಲೆಕ್ಕ ಸುಲಭ. ಗರ್ಭ ಕಟ್ಟಿಸಿದ ದಿನಕ್ಕೆ ಒಂಬತ್ತು ತಿಂಗಳು ಸೇರಿಸಿ, ಮೇಲೆ ಹತ್ತು ದಿನ ಹಾಕಿ. ಸರಾಸರಿ 283 ದಿನ. ಎಮ್ಮೆಯಾದರೆ ಸುಮಾರು 310. ಆದರೆ ಇದು ಸರಾಸರಿ ಮಾತ್ರ. ತಳಿಯಿಂದ ತಳಿಗೆ ಕೆಲವು ದಿನ ಆಚೀಚೆ ಆಗುತ್ತದೆ. ಹೋರಿಗರುವಾದರೆ ಒಂದೆರಡು ದಿನ ಜಾಸ್ತಿ ಹೊಟ್ಟೆಯಲ್ಲಿರುವುದು ಸಾಮಾನ್ಯ. ನಮ್ಮ ಪುಸ್ತಕದಲ್ಲಿ ಬರೆದಿಟ್ಟ ತಾರೀಖಿಗೆ ಸರಿಯಾಗಿ ಕರು ಹಾಕಿದ ಹಸು ಅಪರೂಪ. ಆ ತಾರೀಖನ್ನು ನಾನು ನೋಡುವುದು ಕೊಟ್ಟಿಗೆ ತಯಾರು ಮಾಡಿಕೊಳ್ಳಲು ಮಾತ್ರ.

ಹೆರಿಗೆಯ ದಿನವನ್ನು ತಾಯಿ ಗೊತ್ತುಮಾಡುತ್ತಾಳೆ ಎಂದೇ ನಾನು ಬಹಳ ಕಾಲ ಅಂದುಕೊಂಡಿದ್ದೆ. ಹಾಗಲ್ಲವಂತೆ. ಅದನ್ನು ಗೊತ್ತುಮಾಡುವುದು ಒಳಗಿರುವ ಕರು. 1960ರ ದಶಕದಲ್ಲಿ ನ್ಯೂಜಿಲೆಂಡಿನ ವೈದ್ಯ ಗ್ರಹಾಂ ಲಿಗ್ಗಿನ್ಸ್ ಕುರಿಗಳ ಮೇಲೆ ಕೆಲಸ ಮಾಡಿ ಇದನ್ನು ತೋರಿಸಿದರು. ದಿನ ತುಂಬಿದ ಮರಿಯ ಮೂತ್ರಪಿಂಡದ ಮೇಲಿರುವ ಪುಟ್ಟ ಗ್ರಂಥಿಯಿಂದ ಕಾರ್ಟಿಸಾಲ್ ಎಂಬ ಹಾರ್ಮೋನು ಹೆಚ್ಚು ಹೆಚ್ಚು ಬರತೊಡಗುತ್ತದೆ. ಅಷ್ಟು ದಿನ ಗರ್ಭಕೋಶವನ್ನು ಸುಮ್ಮನಿರಿಸಿದ್ದ ಹಾರ್ಮೋನು ಆಗ ಇಳಿಯುತ್ತದೆ, ಅದನ್ನು ಬಿಗಿಸುವ ಹಾರ್ಮೋನು ಏರುತ್ತದೆ. ಹಸುವಿನಲ್ಲೂ ಶುರುವಾಗುವುದು ಹೀಗೇ. ಇನ್ನೊಂದು ಸಂಗತಿ ನನಗೆ ತುಂಬಾ ಹಿಡಿಸಿತು. ಅದೇ ಕಾರ್ಟಿಸಾಲ್ ಮರಿಯ ಶ್ವಾಸಕೋಶವನ್ನೂ ಬಲಿಸುತ್ತದೆ. ಅಂದರೆ ಹೊರಗೆ ಉಸಿರಾಡಲು ತಯಾರಾಗುವುದೂ, ಹೊರಗೆ ಬರುತ್ತೇನೆಂದು ತಿಳಿಸುವುದೂ ಒಟ್ಟೊಟ್ಟಿಗೆ ನಡೆಯುತ್ತವೆ. ಇದೇ ತಿಳಿವಳಿಕೆಯಿಂದ ಲಿಗ್ಗಿನ್ಸ್ ಮತ್ತು ಅವರ ಜೊತೆಗಾರ ರಾಸ್ ಹೌವಿ 1972ರಲ್ಲಿ ಮನುಷ್ಯರ ಮೇಲೆ ಮಾಡಿದ ಪ್ರಯೋಗ ಪ್ರಕಟವಾಯಿತು. ದಿನ ತುಂಬುವ ಮೊದಲೇ ಹೆರಿಗೆಯಾಗುವ ತಾಯಂದಿರಿಗೆ ಇವತ್ತು ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್‌ನ ಮೂಲ ಅದು. ಕುರಿಮರಿಯಿಂದ ಕಲಿತದ್ದು ಎಷ್ಟೊಂದು ಮಕ್ಕಳ ಉಸಿರು ಉಳಿಸಿದೆ ನೋಡಿ!

ಇದನ್ನು ಓದಿದ ಮೇಲೆ ನಾನು ಕೊಟ್ಟಿಗೆಯಲ್ಲಿ ನಿಲ್ಲುವ ರೀತಿಯೇ ಬದಲಾಯಿತು. ಕೆಲಸ ಮಾಡುತ್ತಿರುವವರು ತಾಯಿ, ಕರು ಇಬ್ಬರೇ. ನನ್ನದು ಹತ್ತಿರವಿದ್ದು ನೋಡುವ ಕೆಲಸ. ಆದರೆ ಸುಮ್ನೆ ನೋಡುವುದಲ್ಲ, ಏನು ನೋಡುತ್ತಿದ್ದೇನೆ ಎಂದು ಗೊತ್ತಿದ್ದು ನೋಡುವುದು. ದೊಡ್ಡ ಫಾರಂಗಳಲ್ಲಿ ಕ್ಯಾಮೆರಾ ಇರುತ್ತದೆ, ಬಾಲಕ್ಕೆ ಕಟ್ಟುವ ಸೆನ್ಸರ್ ಇರುತ್ತದೆ. ನಮ್ಮಂಥವರ ಹತ್ತಿರ ಇರುವುದು ಈ ಹಸು ನಿನ್ನೆ ಹೇಗಿತ್ತು ಎಂಬ ನೆನಪು. ಅದೇನು ಸಣ್ಣ ಆಸ್ತಿಯಲ್ಲ.

ಕರು ಹಾಕುವ ಎರಡು ತಿಂಗಳ ಮೊದಲೇ ಹಾಲು ಬತ್ತಿಸಿಬಿಡುತ್ತೇವೆ. ಹಾಲು ಬರುತ್ತಿರುವಾಗ ನಿಲ್ಲಿಸುವುದು ಎಲ್ಲರಿಗೂ ಕಷ್ಟವೇ. ಆದರೆ ಹೊಟ್ಟೆಯ ಕರು ಅರ್ಧಕ್ಕಿಂತ ಜಾಸ್ತಿ ತೂಕ ಕಟ್ಟಿಕೊಳ್ಳುವುದು ಕೊನೆಯ ಮೂರು ತಿಂಗಳಲ್ಲಿ. ಕೆಚ್ಚಲಿಗೂ ಹಳೆಯ ಜೀವಕೋಶ ಕಳೆದು ಹೊಸದು ಕಟ್ಟಿಕೊಳ್ಳಲು ಬಿಡುವು ಬೇಕು. ಅತ್ತೆ ಈ ವಿಷಯದಲ್ಲಿ ಖಡಾಖಂಡಿತ. ಒಂದು ದಿನವೂ ಮುಂದೂಡಲು ಬಿಡುವುದಿಲ್ಲ.

ಇನ್ನು ಗುರುತುಗಳ ವಿಷಯ. ಕೆಚ್ಚಲು ತುಂಬುವುದನ್ನು ಎಲ್ಲರೂ ನೋಡುತ್ತಾರೆ, ಆದರೆ ಅದನ್ನೇ ನಂಬಿ ಕೂರಬಾರದು. ಮೊದಲ ಸಲ ಕರು ಹಾಕುವ ಮಣಕಗಳಿಗೆ ವಾರಗಳ ಮೊದಲೇ ಕೆಚ್ಚಲು ಇಳಿಯುತ್ತದೆ. ಹಳೆಯ ಹಸುಗಳಿಗೆ ಕೆಲವೊಮ್ಮೆ ಹಿಂದಿನ ದಿನ. ಮೊಲೆಯ ಸುಕ್ಕು ಬಿಚ್ಚಿ ಬಿರಿದು ನಿಂತರೆ ಹತ್ತಿರ ಬಂತು ಅಂತ ತಿಳಿಯಬಹುದು. ನನಗೆ ಹೆಚ್ಚು ನಂಬಿಕೆ ಬಾಲದ ಬುಡದ ಮೇಲೆ. ಬಾಲದ ಬುಡದಿಂದ ಎರಡೂ ಕಡೆ ಕುಂಡಿಯ ಮೂಳೆಗೆ ಹೋಗುವ ಹುರಿಯಂಥ ಕಟ್ಟುಗಳಿವೆ. ಮಾಮೂಲಿ ದಿನಗಳಲ್ಲಿ ಬೆರಳಿಟ್ಟರೆ ಬಿಗಿದ ಹಗ್ಗ ಮುಟ್ಟಿದ ಹಾಗಿರುತ್ತದೆ. ಹೆರಿಗೆ ಹತ್ತಿರ ಬಂದ ಹಾಗೆ ಅದು ಸಡಿಲವಾಗುತ್ತ ಹೋಗಿ, ಕೊನೆಗೆ ಬೆರಳಿಗೆ ಸಿಗುವುದೇ ಇಲ್ಲ. ಬಾಲದ ಎರಡೂ ಬದಿ ಗುಳಿ ಬೀಳುತ್ತದೆ. ಅತ್ತೆ ದಿನಾ ಸಂಜೆ ಹಾಲು ಕರೆಯುವ ಮೊದಲು ಗಬ್ಬದ ಹಸುಗಳ ಬೆನ್ನು ಸವರುತ್ತ ಹೋಗಿ ಅಲ್ಲೊಮ್ಮೆ ಒತ್ತಿ ನೋಡುತ್ತಾರೆ. ಬೆಳ್ಳಿಯ ಸರದಿಯಲ್ಲಿ "ಹುರಿ ಬಿಟ್ಟಿದೆ" ಎಂದರು. ಮರುದಿನ ಬೆಳಗಾಗುವಷ್ಟರಲ್ಲಿ ಕರು ನಿಂತಿತ್ತು.

ನಾನು ಥರ್ಮಾಮೀಟರನ್ನೂ ಬಳಸುತ್ತೇನೆ. ಕೊನೆಯ ದಿನಗಳಲ್ಲಿ ಹಸುವಿನ ಮೈಬಿಸಿ 39 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರುತ್ತದೆ. ಕರು ಹಾಕುವ ಹಿಂದಿನ ದಿನ ಸುಮಾರು ಅರ್ಧ ಡಿಗ್ರಿ ಇಳಿಯುತ್ತದೆ. ಆದರೆ ದಿನಾ ಒಂದೇ ಹೊತ್ತಿಗೆ ನೋಡಬೇಕು. ಬೆಳಗ್ಗೆಗಿಂತ ಸಂಜೆ ಸ್ವಲ್ಪ ಜಾಸ್ತಿಯೇ ಇರುವುದರಿಂದ ಹೊತ್ತು ತಪ್ಪಿದರೆ ಲೆಕ್ಕ ತಪ್ಪುತ್ತದೆ. ಇಳಿಯಲಿಲ್ಲ ಅಂದರೆ ಇವತ್ತು ರಾತ್ರಿ ಬಹುಶಃ ನಿದ್ದೆ ಮಾಡಬಹುದು. ಅಷ್ಟರಮಟ್ಟಿಗೆ ಅದು ಉಪಕಾರಿ.

ರಾತ್ರಿಯ ಮಾತು ಬಂತಲ್ವಾ, ಇದನ್ನೂ ಹೇಳಿಬಿಡುತ್ತೇನೆ. 1970ರ ದಶಕದಲ್ಲಿ ಕೆನಡಾದ ಮ್ಯಾನಿಟೋಬಾದಲ್ಲಿ ಗಸ್ ಕೊನೆಫಾಲ್ ಎಂಬ ದನಗಾರ ಗಬ್ಬದ ಹಸುಗಳಿಗೆ ಮೇವು ಹಾಕುವ ಹೊತ್ತನ್ನು ಬದಲಿಸಿ ನೋಡಿದ. ಬೆಳಗಿನ ಮೇವನ್ನು ಮಧ್ಯಾಹ್ನದ ಹತ್ತಿರಕ್ಕೆ, ಸಂಜೆಯದನ್ನು ರಾತ್ರಿಗೆ ತಂದ. ಕರುಗಳಲ್ಲಿ ಹೆಚ್ಚಿನವು ಹಗಲು ಹುಟ್ಟತೊಡಗಿದವು. ಮೇವು ತಿಂದು ಮೆಲುಕು ಹಾಕುವ ಹೊತ್ತಿನಲ್ಲಿ ಹೆರಿಗೆ ಶುರುವಾಗುವುದು ಕಡಿಮೆ ಎಂಬುದು ಅದಕ್ಕೆ ಕೊಡುವ ಒಂದು ವಿವರಣೆ. ಹೊಟ್ಟೆಯ ಒತ್ತಡವೂ ಕಾರಣ ಅನ್ನುತ್ತಾರೆ. ನಾವೂ ಕರು ಹಾಕುವ ಕೆಲವು ವಾರ ಮೊದಲಿನಿಂದ ಹೆಚ್ಚಿನ ಮೇವನ್ನು ಕತ್ತಲಾದ ಮೇಲೆಯೇ ಹಾಕುತ್ತೇವೆ. ಬೆಳ್ಳಿ ಅದಕ್ಕೂ ಮಣಿಯಲಿಲ್ಲ. ಚುಕ್ಕಿ ನಡುಹಗಲಿಗೇ ಶುರು ಮಾಡಿದಳು.

ಚುಕ್ಕಿಯದು ಚೊಚ್ಚಲು. ಬೆಳಗ್ಗೆಯಿಂದಲೇ ಒಂಟಿಯಾಗಿ ಮೂಲೆ ಹಿಡಿದಿದ್ದಳು. ಏಳುವುದು, ಕೂರುವುದು, ಹಿಂದೆ ತಿರುಗಿ ತನ್ನ ಪಕ್ಕೆಯನ್ನೇ ನೋಡಿಕೊಳ್ಳುವುದು, ಬಾಲ ಎತ್ತಿ ನಿಲ್ಲುವುದು. ಇದು ಮೊದಲ ಹಂತ. ಒಳಗೆ ಗರ್ಭಕೋಶದ ಬಾಯಿ ತೆರೆಯುತ್ತಿರುತ್ತದೆ, ಹೊರಗೆ ಕಾಣುವುದು ಈ ಚಡಪಡಿಕೆ ಮಾತ್ರ. ಅನುಭವದ ಹಸುವಿಗೆ ಎರಡರಿಂದ ಆರು ಗಂಟೆ, ಮಣಕಕ್ಕೆ ಇನ್ನೂ ಜಾಸ್ತಿ ಹಿಡಿಯಬಹುದು. ಈ ಹೊತ್ತಿನಲ್ಲಿ ಜನ ಸುತ್ತ ನಿಂತು ಮಾತಾಡುವುದು, ಮತ್ತೆ ಮತ್ತೆ ಮುಟ್ಟಿ ನೋಡುವುದು ಬೇಡವೇ ಬೇಡ. ಹೆದರಿದ ಹಸು ಹೆರಿಗೆಯನ್ನು ತಡೆಹಿಡಿಯುತ್ತದೆ. ನಾಯಿಯನ್ನು ದೂರ ಕಟ್ಟಿಸಿ, ಒಣಹುಲ್ಲು ಹೊಸದಾಗಿ ಹರಡಿ, ನಾವು ಕಂಬದ ಹಿಂದೆ ಕೂತೆವು.

ಮಧ್ಯಾಹ್ನ ನೀರಿನ ಚೀಲ ಕಂಡಿತು, ಒಡೆಯಿತು. ಇಲ್ಲಿಂದ ಗಡಿಯಾರ ನೋಡಬೇಕು. ಇದೊಂದು ವಿಷಯದಲ್ಲಿ ನನ್ನದು ಹಟ. ನೋವಿನಲ್ಲಿರುವ ಹಸುವಿನ ಮುಂದೆ ಐದು ನಿಮಿಷ ಅರ್ಧ ಗಂಟೆಯ ಹಾಗೆ ಅನ್ನಿಸುತ್ತದೆ, ಕೆಲಸದ ನಡುವೆ ಅರ್ಧ ಗಂಟೆ ಐದು ನಿಮಿಷದ ಹಾಗೆ ಕಳೆದುಹೋಗುತ್ತದೆ. ಅದಕ್ಕೇ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಹೊತ್ತು ಬರೆಯುತ್ತೇವೆ. ಹಸು ಕರುವನ್ನು ಹೊರಗೆ ತಳ್ಳಲು ಜೋರಾಗಿ ಮುಕ್ಕತೊಡಗಿದ ಮೇಲೆ ಪ್ರತಿ ಅರ್ಧ ಗಂಟೆಗೆ ಏನಾದರೂ ಮುಂದುವರಿಕೆ ಕಾಣಬೇಕು. ಗೊರಸಿನ ತುದಿ, ಆಮೇಲೆ ಮೂಗು, ಆಮೇಲೆ ಹಣೆ. ಅರ್ಧ ಗಂಟೆ ಮುಕ್ಕಿಯೂ ಇದ್ದಲ್ಲೇ ಇದ್ದರೆ ಫೋನು ಮಾಡುವುದು. ಇನ್ನೊಂದು ಸ್ವಲ್ಪ ನೋಡೋಣ ಅನ್ನುವ ಮಾತಿಲ್ಲ.

ಸರಿಯಾಗಿ ಬರುವ ಕರು ನೀರಿಗೆ ಹಾರುವವರ ಹಾಗೆ ಬರುತ್ತದೆ. ಮುಂಗಾಲು ಎರಡೂ ಮುಂದೆ, ಗೊರಸಿನ ಅಡಿ ನೆಲದ ಕಡೆ, ಮೊಣಕಾಲಿನ ಮೇಲೆ ಮೂಗು. ಗೊರಸಿನ ಅಡಿ ಆಕಾಶ ನೋಡುತ್ತಿದ್ದರೆ ಅನುಮಾನ ಪಡಬೇಕು, ಅದು ಹಿಂಗಾಲಿರಬಹುದು. ಕೈಗೆ ಸಿಕ್ಕ ಕಾಲು ಯಾವುದು ಎಂದು ತಿಳಿಯಲು ಒಂದು ಒಳ್ಳೆಯ ಗುರುತಿದೆ. ಗೊರಸಿನಿಂದ ಮೇಲಕ್ಕೆ ಮೊದಲ ಎರಡು ಕೀಲುಗಳು ಒಂದೇ ಕಡೆಗೆ ಮಡಚಿದರೆ ಮುಂಗಾಲು, ಒಂದಕ್ಕೊಂದು ಎದುರಾಗಿ ಮಡಚಿದರೆ ಹಿಂಗಾಲು. ಹಿಂಗಾಲು ಮುಂದಾಗಿ ಬರುವುದು ನೂರರಲ್ಲಿ ಐದರ ಆಸುಪಾಸು. ಅದು ಅವಸರದ ಸಂಗತಿ. ತಲೆ ಇನ್ನೂ ಒಳಗಿರುವಾಗಲೇ ಹೊಕ್ಕುಳಬಳ್ಳಿ ತಾಯಿಯ ಮೂಳೆಗೆ ಸಿಕ್ಕಿ ಅಮುಕಿಹೋಗುತ್ತದೆ, ಕರುವಿಗೆ ಗಾಳಿಯೂ ಇಲ್ಲ, ರಕ್ತವೂ ಇಲ್ಲ.

ಚುಕ್ಕಿಗೆ ಮೂಗು ಕಂಡಿತು. ಒಂದು ಗೊರಸು ಕಂಡಿತು. ಇನ್ನೊಂದು ಇಲ್ಲ. ಮಗಳು ಮೊದಲು ನೋಡಿದ್ದು. "ಅಮ್ಮಾ, ಒಂದೇ ಕಾಲು" ಎಂದಳು. ಕಾದೆವು, ಮತ್ತೆರಡು ಸಲ ಮುಕ್ಕಿದಳು, ಅಷ್ಟೇ ಇತ್ತು. ಪಶುವೈದ್ಯರಿಗೆ ಫೋನು ಹೋಯಿತು. ಅದೃಷ್ಟಕ್ಕೆ ಹತ್ತಿರದಲ್ಲೇ ಇದ್ದರು. ಅವರು ಬರುವವರೆಗೆ ಯಾರೂ ಹಗ್ಗಕ್ಕೆ ಕೈ ಹಾಕಬಾರದು ಎಂದು ಅತ್ತೆ ಎದ್ದು ಅಡ್ಡ ನಿಂತರು. ಒಂದು ಕಾಲು ಹಿಂದಕ್ಕೆ ಮಡಚಿರುವಾಗ ಎಳೆದರೆ ಭುಜ ಇನ್ನಷ್ಟು ಸಿಕ್ಕಿಕೊಳ್ಳುತ್ತದೆ, ತಾಯಿಗೆ ಒಳಗೆ ಹರಿಯುತ್ತದೆ. ಎಳೆಯುವ ಶಕ್ತಿ ನಮ್ಮಲ್ಲಿ ಎಷ್ಟಿದ್ದರೂ ಅದರಿಂದ ಉಪಯೋಗವಿಲ್ಲ.

ವೈದ್ಯರು ತೋಳಿನುದ್ದಕ್ಕೂ ಸೋಪುನೀರಿನಲ್ಲಿ ತೊಳೆದು, ಜಾರುವ ಜೆಲ್ ಹಚ್ಚಿಕೊಂಡು ಕೈ ಹಾಕಿದರು. ನಾನು ಬಾಲ ಹಿಡಿದಿದ್ದೆ. ಅವರು ಮೊದಲು ಮಾಡಿದ್ದು ಕರುವನ್ನು ಒಳಕ್ಕೆ ತಳ್ಳಿದ್ದು. ನೋಡುವವರಿಗೆ ವಿಚಿತ್ರ ಅನ್ನಿಸಬೇಕು, ಹೊರಗೆ ಬರಬೇಕಾದ್ದನ್ನು ಒಳಗೆ ತಳ್ಳುವುದೇ ಅಂತ. ಆದರೆ ಮಡಚಿದ ಕಾಲು ಬಿಡಿಸಲು ಜಾಗ ಇರುವುದು ಒಳಗೇ, ಮೂಳೆಯ ಬಾಗಿಲಲ್ಲಲ್ಲ. ಚುಕ್ಕಿ ಮುಕ್ಕುವಾಗ ಅವರ ಕೈ ಹಾಗೇ ನಿಲ್ಲುತ್ತಿತ್ತು. ಮುಕ್ಕು ಬಿಟ್ಟ ತಕ್ಷಣ ಮುಂದುವರಿಯುತ್ತಿತ್ತು. ಮೊಣಕಾಲನ್ನು ಮೇಲಕ್ಕೆ ಎತ್ತಿ, ಗೊರಸಿನ ತುದಿಯನ್ನು ತಮ್ಮ ಅಂಗೈಯೊಳಗೆ ಪೂರ್ತಿ ಮುಚ್ಚಿ ಹಿಡಿದು ಮೆಲ್ಲಗೆ ಮುಂದಕ್ಕೆ ತಂದರು. ಗೊರಸು ಗರ್ಭಕೋಶಕ್ಕೆ ತಾಗಿ ಗೀರದಿರಲಿ ಎಂದು ಅಂಗೈ ಅಡ್ಡ. ಅವರ ಹಣೆಯಲ್ಲಿ ಬೆವರು ಇಳಿಯುತ್ತಿತ್ತು. ಎರಡನೇ ಗೊರಸು ಹೊರಗೆ ಕಾಣಿಸಿಕೊಂಡಾಗ ಅತ್ತೆ ಚುಕ್ಕಿಯ ಕತ್ತು ನೇವರಿಸಿದರು.

ಆಮೇಲೆ ಎಳೆದದ್ದು ಸ್ವಲ್ಪವೇ. ಅದೂ ಚುಕ್ಕಿ ಮುಕ್ಕಿದಾಗ ಮಾತ್ರ. ಹಗ್ಗದ ಕುಣಿಕೆ ಗೊರಸಿನ ಮೇಲಿನ ಗಂಟಿಗಿಂತ ಮೇಲೆ ಒಂದು, ಕೆಳಗೆ ಇನ್ನೊಂದು ಸುತ್ತು. ಒಂದೇ ಕಡೆ ಭಾರ ಬಿದ್ದರೆ ಎಳೆಯ ಮೂಳೆ ಮುರಿಯುತ್ತದೆ. ಒಮ್ಮೆ ಈ ಕಾಲು, ಒಮ್ಮೆ ಆ ಕಾಲು, ಭುಜಗಳು ಒಂದಾದ ಮೇಲೊಂದು ದಾಟಲಿ ಅಂತ. ತಲೆ ಬಂದ ಮೇಲೆ ಎಳೆತ ನೇರ ಹಿಂದಕ್ಕಲ್ಲ, ತಾಯಿಯ ಹಿಂಗಾಲಿನ ಕಡೆಗೆ ಇಳಿಜಾರಾಗಿ. ದಾರಿಯೇ ಹಾಗೆ ಬಾಗಿದೆ. ಎದೆ ದಾಟಿತು, ಸೊಂಟ ದಾಟಿತು, ಕರು ಹುಲ್ಲಿನ ಮೇಲಿತ್ತು. ಹೋರಿಗರು. ಕಪ್ಪು ಬಣ್ಣ, ಹಣೆಯಲ್ಲಿ ಬಿಳಿ.

ಉಸಿರಿಲ್ಲದ ಕರುವನ್ನು ಹಿಂಗಾಲು ಹಿಡಿದು ತಲೆಕೆಳಗಾಗಿ ನೇತುಹಾಕುವುದನ್ನು ತುಂಬಾ ಕಡೆ ನೋಡಿದ್ದೇನೆ. ದಯವಿಟ್ಟು ಬಿಡಿ. ಬಾಯಿಂದ ಸುರಿಯುವ ನೀರಿನಲ್ಲಿ ಹೆಚ್ಚಿನದು ಹೊಟ್ಟೆಯದು. ಕರುಳಿನ ಭಾರವೆಲ್ಲ ಶ್ವಾಸಕೋಶದ ಮೇಲೆ ಬಿದ್ದು ಉಸಿರಾಟ ಇನ್ನೂ ಕಷ್ಟವಾಗುತ್ತದೆ. ಮೂಗು ಬಾಯಿಯ ಲೋಳೆಯನ್ನು ಕೈಯಲ್ಲಿ ಬಳಿದು ತೆಗೆಯಿರಿ. ಎದೆಯ ಮೇಲೆ ಕೂರಿಸಿ, ಕಾಲುಗಳು ಎರಡೂ ಕಡೆ ಮಡಚಿರಲಿ, ಆಗ ಎರಡೂ ಶ್ವಾಸಕೋಶ ಬಿಚ್ಚಿಕೊಳ್ಳುತ್ತವೆ. ಒಣಹುಲ್ಲಿನ ಕಡ್ಡಿಯನ್ನು ಮೂಗಿನ ಹೊಳ್ಳೆಯೊಳಗೆ ಆಡಿಸಿ. ಟವೆಲ್ಲಿನಿಂದ ಜೋರಾಗಿ ಉಜ್ಜಿ. ನಮ್ಮ ಕರು ಕಡ್ಡಿ ಆಡಿಸಿದ ಕೂಡಲೇ ತಲೆ ಕೊಡವಿ ಸೀನಿತು. ಆ ಸೀನಿಗಿಂತ ಒಳ್ಳೆಯ ಸದ್ದು ಇನ್ನೊಂದಿಲ್ಲ.

ಹುಟ್ಟಿದ ಕರುವಿನ ಗೊರಸನ್ನು ಎಂದಾದರೂ ಹತ್ತಿರದಿಂದ ನೋಡಿದ್ದೀರಾ? ತುದಿಯಲ್ಲಿ ಹಳದಿ ಬಿಳುಪಿನ ಮೆತ್ತನೆಯ ಎಳೆಗಳು, ರಬ್ಬರಿನಷ್ಟು ಮೃದು. ಗಟ್ಟಿ ಗೊರಸು ಇರುವುದು ಅದರೊಳಗೆ. ಒಂಬತ್ತು ತಿಂಗಳು ಒಳಗೆ ಒದೆಯುತ್ತಿದ್ದರೂ ತಾಯಿಗೆ ಗಾಯವಾಗದ ಹಾಗೆ ಈ ಮುಚ್ಚಳ. ಕರು ಎದ್ದು ನಡೆಯತೊಡಗಿದರೆ ಒಣಗಿ ಸವೆದು ಉದುರಿಹೋಗುತ್ತದೆ. ಮಗಳಿಗೆ ತೋರಿಸಿದೆ. ಬೆರಳಲ್ಲಿ ಮುಟ್ಟಿ ಮುಟ್ಟಿ ನೋಡಿದಳು. ಮರುದಿನ ನೋಡಿದಾಗ ಹೆಚ್ಚುಕಡಿಮೆ ಇರಲೇ ಇಲ್ಲ.

ಹೊಕ್ಕುಳನ್ನು ಶೇಕಡ 7ರ ಅಯೋಡಿನ್‌ನಲ್ಲಿ ಅದ್ದಿದೆವು. ಮೇಲೆ ಸವರಿದರೆ ಸಾಲದು, ಸಣ್ಣ ಲೋಟದಲ್ಲಿ ಹಾಕಿ ಹೊಕ್ಕುಳಬಳ್ಳಿ ಪೂರ್ತಿ ಮುಳುಗಬೇಕು. ಅದು ಒಣಗುವವರೆಗೆ ಹೊರಗಿನ ಕೊಳೆ ನೇರವಾಗಿ ಕರುವಿನ ಒಳಗೆ ಹೋಗುವ ದಾರಿ. ಆಮೇಲೆ ಬರುವ ಕೀಲುಬಾವಿಗೆ ಎಷ್ಟೋ ಸಲ ಅದೇ ಮೂಲ.

ಈಗ ಎಲ್ಲಕ್ಕಿಂತ ಮುಖ್ಯವಾದ್ದು, ಗಿಣ್ಣು ಹಾಲು. ಮನುಷ್ಯರ ಮಗು ಹುಟ್ಟುವಾಗಲೇ ತಾಯಿಯ ರಕ್ತದಿಂದ ರೋಗ ತಡೆಯುವ ಶಕ್ತಿ ಪಡೆದು ಬರುತ್ತದೆ. ಕರುವಿಗೆ ಆ ಭಾಗ್ಯವಿಲ್ಲ. ಹಸುವಿನ ಮಾಸು ಪ್ರತಿಕಾಯಗಳನ್ನು ದಾಟಿಸುವುದಿಲ್ಲ. ಬರಿಗೈಯಲ್ಲಿ ಹುಟ್ಟುತ್ತದೆ ಪಾಪ. ತಾಯಿ ಅದನ್ನೆಲ್ಲ ಕೆಚ್ಚಲಿನಲ್ಲಿ ಕೂಡಿಟ್ಟಿರುತ್ತಾಳೆ. ಆ ದೊಡ್ಡ ಕಣಗಳು ಕರುಳಿನ ಗೋಡೆ ದಾಟಿ ರಕ್ತಕ್ಕೆ ಸೇರಲು ಹುಟ್ಟಿದ ಮೊದಲ ಗಂಟೆಗಳಲ್ಲಿ ಮಾತ್ರ ಬಾಗಿಲು ತೆರೆದಿರುತ್ತದೆ. ಗಂಟೆ ಗಂಟೆಗೂ ಮುಚ್ಚುತ್ತ ಬಂದು 24 ಗಂಟೆಯಷ್ಟರಲ್ಲಿ ಪೂರ್ತಿ ಮುಚ್ಚುತ್ತದೆ. ಆಮೇಲೆ ಬಿಂದಿಗೆಗಟ್ಟಲೆ ಕುಡಿಸಿದರೂ ಅದು ಬರೀ ಹಾಲು.

ಅದಕ್ಕೇ ಮಾಸು ಬೀಳಲಿ ಆಮೇಲೆ ಹಾಲು ಕೊಡೋಣ ಎಂದು ಕಾಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಮಾಸು ಬೀಳಲು ಎಂಟು ಗಂಟೆ, ಹನ್ನೆರಡು ಗಂಟೆಯೂ ಆಗಬಹುದು. ಅಷ್ಟರಲ್ಲಿ ಬಾಗಿಲು ಬಹುಪಾಲು ಮುಚ್ಚಿರುತ್ತದೆ. ಕರು ಮೊಲೆ ಚೀಪಿದರೆ ಮಾಸು ಬೀಳಲು ಸಹಾಯವೇ, ಏಕೆಂದರೆ ಚೀಪುವಾಗ ಹಾಲು ಇಳಿಸುವ ಹಾರ್ಮೋನೇ ಗರ್ಭಕೋಶವನ್ನೂ ಹಿಂಡುತ್ತದೆ.

ಎಷ್ಟು ಕೊಡಬೇಕು? ಕರುವಿನ ತೂಕದ ಹತ್ತನೇ ಒಂದು ಭಾಗ. 35 ಕಿಲೋ ಕರುವಿಗೆ ಮೂರೂವರೆ ಲೀಟರ್, ಮೊದಲ ಕೆಲವು ಗಂಟೆಗಳ ಒಳಗೆ. ಸಣ್ಣ ತಳಿಯ 20 ಕಿಲೋ ಕರುವಾದರೆ ಎರಡು ಲೀಟರ್. ಮೊಲೆಗೆ ಬಿಟ್ಟೆವು, ಕುಡಿದಿರಬೇಕು ಎಂದು ಹೋಗಿಬಿಡಬೇಡಿ. ಕುಡಿಯಿತೇ ಎಂದು ನಿಂತು ನೋಡಿ. ಕೆಚ್ಚಲು ಜೋತುಬಿದ್ದ ಹಳೆಯ ಹಸುವಿನ ಮೊಲೆ ಎಳೆಗರುವಿನ ಬಾಯಿಗೆ ಸಿಗುವುದೇ ಇಲ್ಲ, ಅದು ಮಂಡಿಯ ಹತ್ತಿರ ಹುಡುಕುತ್ತಿರುತ್ತದೆ. ಹಾಗಿದ್ದರೆ ಕರೆದು ಬಾಟಲಿಯಲ್ಲಿ ಕುಡಿಸಬೇಕು. ಗಿಣ್ಣಿನ ಗುಣ ನೋಡಲು ನಾವು ಬ್ರಿಕ್ಸ್ ಮಾಪಕ, ಅಂದರೆ ದ್ರವ ಎಷ್ಟು ಸಾಂದ್ರವಾಗಿದೆ ಎಂದು ತೋರಿಸುವ ಸಾಧನ, ಇಟ್ಟುಕೊಂಡಿದ್ದೇವೆ. ಗಾಜಿನ ಮೇಲೆ ಒಂದು ಹನಿ ಹಾಕಿ ಬೆಳಕಿಗೆ ಹಿಡಿದರೆ 22 ಅಥವಾ ಅದಕ್ಕಿಂತ ಮೇಲೆ ತೋರಿಸಬೇಕು. ಬಣ್ಣ, ಗಟ್ಟಿತನ ನೋಡಿ ಹೇಳುವುದು ನಂಬುವಂಥದ್ದಲ್ಲ. ಬೆಳ್ಳಿಯದು ಚೆನ್ನಾಗಿತ್ತು, ಕರುವಿಗೆ ಬೇಕಾದ್ದಕ್ಕಿಂತ ಜಾಸ್ತಿಯೂ ಇತ್ತು. ಉಳಿದದ್ದನ್ನು ಫ್ರೀಜರಿನಲ್ಲಿ ಇಟ್ಟೆವು. ಚುಕ್ಕಿಗೆ ಚೊಚ್ಚಲಾದ್ದರಿಂದ ಗಿಣ್ಣು ಸ್ವಲ್ಪವೇ ಇಳಿಯಿತು. ಆಗ ಬೆಳ್ಳಿಯದೇ ಕೈಹಿಡಿಯಿತು. ಕರಗಿಸುವಾಗ ಬೆಚ್ಚನೆಯ ನೀರಿನಲ್ಲಿ ಇಟ್ಟು ಕರಗಿಸಬೇಕು, 50 ಡಿಗ್ರಿ ದಾಟಬಾರದು. ಒಲೆಯ ಮೇಲಿಟ್ಟರೆ ಪ್ರತಿಕಾಯಗಳೇ ಹಾಳು.

ಚುಕ್ಕಿಯ ಕರು ಹೋರಿ ಎಂದೆನಲ್ಲ. ಹೋರಿಗರು ಎಂದ ಕೂಡಲೇ ಮನೆಯವರ ಮುಖ ಸಪ್ಪಗಾಗುವುದು ಹೈನುಗಾರಿಕೆ ಇರುವ ಕಡೆಯೆಲ್ಲ ಇದ್ದದ್ದೇ. ಮುಖ ಸಪ್ಪಗಾಗಲಿ, ಆದರೆ ಆ ಕರುವಿನ ಗಿಣ್ಣಿಗೆ ಕತ್ತರಿ ಬೀಳಬಾರದು. ಮುಂದೆ ಅದು ಯಾರ ಕೊಟ್ಟಿಗೆಗೆ ಹೋಗುತ್ತದೋ, ಏನಾಗುತ್ತದೋ, ಅದು ಬೇರೆ ಮಾತು. ಹುಟ್ಟಿದ ಮೊದಲ ದಿನ ಹೆಣ್ಣು ಗಂಡು ಎಂಬ ಲೆಕ್ಕ ಇರಬಾರದು. ಅದರ ಕರುಳಿನ ಬಾಗಿಲೂ ಅಷ್ಟೇ ಹೊತ್ತು ತೆರೆದಿರುತ್ತದೆ. ನಮ್ಮ ಮನೆಯಲ್ಲಿ ಇದು ಅತ್ತೆ ಹಾಕಿದ ನಿಯಮ. ನಾನಂತೂ ಇದನ್ನು ಮುರಿಯುವುದಿಲ್ಲ, ಮಗಳೂ ಮುರಿಯದಿರಲಿ ಎಂದು ಅವಳ ಕೈಯಲ್ಲೇ ಬಾಟಲಿ ಕೊಟ್ಟೆ. ಕರು ಬಾಲ ಆಡಿಸುತ್ತ ಕೊನೆಯ ಹನಿಯವರೆಗೂ ಎಳೆದುಕೊಂಡಿತು.

ಕರುವಿನ ಸಂಭ್ರಮದಲ್ಲಿ ತಾಯಿಯನ್ನು ಮರೆಯುವವರೇ ಜಾಸ್ತಿ. ಮೊದಲು ಅವಳಿಗೆ ಉಗುರುಬೆಚ್ಚನೆಯ ನೀರು ಕೊಡಿ, ಎಷ್ಟು ಕುಡಿಯುತ್ತಾಳೋ ಅಷ್ಟು. ದೊಡ್ಡ ಬಕೆಟ್ ಖಾಲಿ ಮಾಡಿ ಇನ್ನೊಂದನ್ನು ಕೇಳುತ್ತಾಳೆ. ಕರುವನ್ನು ಅವಳ ಮೂತಿಯ ಹತ್ತಿರ ಇಡಿ, ನೆಕ್ಕಲಿ. ನೆಕ್ಕುವುದರಿಂದ ಕರುವಿನ ಮೈ ಒಣಗುತ್ತದೆ, ರಕ್ತ ಓಡುತ್ತದೆ. ಮಾಸು ತಾನಾಗಿ ಬೀಳಲಿ. 24 ಗಂಟೆ ಕಳೆದರೂ ಬೀಳದಿದ್ದರೆ ವೈದ್ಯರಿಗೆ ತಿಳಿಸಿ. ನೇತಾಡುತ್ತಿದೆ ಎಂದು ಎಳೆಯುವುದು, ಭಾರ ಕಟ್ಟುವುದು ಮಾಡಿದರೆ ತುಂಡು ಒಳಗೇ ಉಳಿದು ಕೊಳೆಯುತ್ತದೆ, ಗರ್ಭಕೋಶಕ್ಕೆ ಗಾಯವಾಗುತ್ತದೆ, ಮುಂದಿನ ಸಲ ಗರ್ಭ ಕಟ್ಟುವುದೇ ಕಷ್ಟ.

ನನಗೆ ಈಗ ಯೋಚನೆ ಇರುವುದು ಗೌರಿಯದು. ಅವಳದು ಐದನೇ ಸೂಲು. ಕಳೆದ ಸಲ ಕರು ಸಲೀಸಾಗಿ ಹಾಕಿದ್ದಳು, ನಾವೆಲ್ಲ ನಿಶ್ಚಿಂತೆಯಾಗಿದ್ದೆವು. ಮರುದಿನ ಬೆಳಗ್ಗೆ ನೋಡಿದರೆ ಹಿಂಗಾಲು ತಡವರಿಸುತ್ತಿದ್ದವು. ಸ್ವಲ್ಪ ಹೊತ್ತಿಗೆ ಕೂತವಳು ಏಳಲಿಲ್ಲ. ಕತ್ತನ್ನು ಪಕ್ಕೆಗೆ ತಿರುಗಿಸಿ ಮಲಗಿದ್ದಳು, ಕತ್ತಿನಲ್ಲಿ ಹಾವಿನ ಬಳುಕಿನಂಥ ತಿರುವು. ಕಿವಿ ಮುಟ್ಟಿದರೆ ಮಂಜುಗಡ್ಡೆ. ಮೂಗು ಒಣಗಿತ್ತು. ಇದು ಹಾಲುಜ್ವರ. ರಕ್ತದ ಕ್ಯಾಲ್ಸಿಯಂ ತಟ್ಟನೆ ಕುಸಿಯುವುದೇ ಇದಕ್ಕೆ ಕಾರಣ. ಹಸುವಿನ ರಕ್ತದಲ್ಲಿ ಒಂದು ಹೊತ್ತಿಗೆ ಓಡಾಡುವ ಕ್ಯಾಲ್ಸಿಯಂ ಒಟ್ಟು ಸುಮಾರು 3 ಗ್ರಾಂ. ಹತ್ತು ಲೀಟರ್ ಗಿಣ್ಣು ಹಾಲಿನಲ್ಲಿ ಹೊರಗೆ ಹೋಗುವುದು ಸುಮಾರು 23 ಗ್ರಾಂ. ಅಷ್ಟನ್ನು ಅವಳು ಮೂಳೆಯಿಂದ, ಮೇವಿನಿಂದ ಕೂಡಲೇ ತುಂಬಿಕೊಳ್ಳಬೇಕು. ವಯಸ್ಸಾದ ಹಾಗೆ ಆ ವೇಗ ಕಡಿಮೆಯಾಗುತ್ತದೆ. ಕರು ಹಾಕಿದ ಮೊದಲ ಮೂರು ದಿನಗಳೇ ಹೆಚ್ಚು ಅಪಾಯದವು.

ಇದರ ಕಥೆ ದೊಡ್ಡದು. ಕಾರಣ ಗೊತ್ತಿಲ್ಲದ ಕಾಲದಲ್ಲಿ ಈ ರೋಗ ಬಂದ ಹಸುಗಳಲ್ಲಿ ಎಷ್ಟೋ ಸಾಯುತ್ತಿದ್ದವು. 1897ರಲ್ಲಿ ಡೆನ್ಮಾರ್ಕಿನ ಪಶುವೈದ್ಯ ಶ್ಮಿಟ್ ಕೆಚ್ಚಲಿನೊಳಗೆ ಔಷಧದ ದ್ರಾವಣ ಏರಿಸಿ ನೋಡಿದರು, ಹಸುಗಳು ಎದ್ದವು. ಆಮೇಲೆ ಬರೀ ಗಾಳಿ ತುಂಬಿದರೂ ಏಳುತ್ತವೆ ಎಂದು ಗೊತ್ತಾಯಿತು. ಕೆಚ್ಚಲು ಗಾಳಿಯಿಂದ ಬಿಗಿದರೆ ಹಾಲು ಇಳಿಯುವುದು ನಿಲ್ಲುತ್ತದೆ, ಕ್ಯಾಲ್ಸಿಯಂ ಹೊರಗೆ ಹೋಗುವುದೂ ನಿಲ್ಲುತ್ತದೆ. ಹಾಗೆ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ. 1925ರಲ್ಲಿ ಎಡಿನ್‌ಬರೋದ ಡ್ರೈಯರ್ ಮತ್ತು ಗ್ರೇಗ್ ಎಂಬವರು ಕ್ಯಾಲ್ಸಿಯಂ ಕೊರತೆಯೇ ಮೂಲ ಎಂದು ವಾದ ಮುಂದಿಟ್ಟರು. ಅಲ್ಲಿಂದ ಈಗಿನ ಚಿಕಿತ್ಸೆ ಬಂತು.

ಅವತ್ತು ವೈದ್ಯರು ಗೌರಿಯ ಕತ್ತಿನ ನರಕ್ಕೆ ಕ್ಯಾಲ್ಸಿಯಂ ಬಾಟಲಿ ಹಾಕಿದರು. ಮೈಬಿಸಿಗೆ ತಂದು, ನಿಧಾನವಾಗಿ, ಇನ್ನೊಂದು ಕೈಯಲ್ಲಿ ಎದೆಬಡಿತ ಕೇಳುತ್ತ. ಅವಸರದಲ್ಲಿ ಬಿಟ್ಟರೆ ಹೃದಯವೇ ನಿಲ್ಲಬಹುದು, ಹಾಗಾಗಿ ಇದು ಮನೆಯವರು ಮಾಡುವ ಕೆಲಸವಲ್ಲ. ಬಾಟಲಿ ಮುಗಿಯುವ ಮೊದಲೇ ಅವಳ ಮೈಯ ಮಾಂಸ ಸಣ್ಣಗೆ ಅದುರತೊಡಗಿತು. ಮೂಗಿನ ಮೇಲೆ ಹನಿ ಮೂಡಿತು. ದೊಡ್ಡದಾಗಿ ತೇಗಿದಳು. ಸಗಣಿ ಹಾಕಿದಳು. ಆಮೇಲೆ ಮುಂಗಾಲೂರಿ, ಒಂದು ಸಲ ತೂಗಾಡಿ, ಎದ್ದು ನಿಂತಳು. ನಾನು ಅತ್ತುಬಿಟ್ಟೆ.

ಅದಕ್ಕೇ ಈ ಸಲ ಗೌರಿಗೆ ಬೇರೆಯೇ ವ್ಯವಸ್ಥೆ. ಹಾಲು ಬತ್ತಿದ ದಿನಗಳಲ್ಲಿ ಕ್ಯಾಲ್ಸಿಯಂ ಜಾಸ್ತಿ ತಿನ್ನಿಸಿದರೆ ಒಳ್ಳೆಯದಾಗುತ್ತದೆ ಎಂದು ಅನ್ನಿಸುವುದು ಸಹಜ, ಆದರೆ ಆಗುವುದು ಉಲ್ಟಾ. ಹೊರಗಿನಿಂದ ಧಾರಾಳವಾಗಿ ಸಿಕ್ಕರೆ ಮೈ ಮೂಳೆಯಿಂದ ತೆಗೆಯುವ ಅಭ್ಯಾಸವನ್ನೇ ಬಿಟ್ಟುಬಿಡುತ್ತದೆ. ಹಾಗಾಗಿ ಕೊನೆಯ ವಾರಗಳಲ್ಲಿ ದ್ವಿದಳದ ಹಸಿಮೇವು ನಿಲ್ಲಿಸಿ, ಒಣಹುಲ್ಲು ಹೆಚ್ಚಿಸಿದ್ದೇವೆ. ಕ್ಯಾಲ್ಸಿಯಂ ಇಲ್ಲದ ಖನಿಜ ಮಿಶ್ರಣವನ್ನು ವೈದ್ಯರೇ ಬರೆದುಕೊಟ್ಟಿದ್ದಾರೆ. ಕರು ಹಾಕಿದ ಕೂಡಲೇ ಬಾಯಿಗೆ ಕೊಡುವ ಕ್ಯಾಲ್ಸಿಯಂ ಜೆಲ್ ತಂದಿಟ್ಟಾಗಿದೆ. ಮೊದಲ ಎರಡು ದಿನ ಕೆಚ್ಚಲು ಪೂರ್ತಿ ಹಿಂಡುವುದಿಲ್ಲ, ಕರುವಿಗೆ ಬೇಕಾದಷ್ಟು ಮಾತ್ರ. ರಾತ್ರಿ ಸರದಿಯ ಮೇಲೆ ಕಿವಿ ಮುಟ್ಟಿ ನೋಡುವುದು, ತಣ್ಣಗಿದ್ದರೆ ಬೆಳಗಾಗಲಿ ಎಂದು ಕಾಯದೆ ಫೋನು ಮಾಡುವುದು. ವೈದ್ಯರ ನಂಬರನ್ನು ಮಗಳು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆದಿದ್ದಾಳೆ, ಹೊತ್ತು ಬರೆಯುವ ಜಾಗದ ಪಕ್ಕದಲ್ಲೇ. ಮೊದಲ ಸರದಿ ನನ್ನದು, ನಡುರಾತ್ರಿಯದು ಅವಳಪ್ಪನದು. ಬೆಳಗಿನ ಜಾವದ್ದು ಯಾರಿಗೂ ಕೊಡುವುದಿಲ್ಲ ಎಂದು ಅತ್ತೆ ಹೇಳಿಬಿಟ್ಟಿದ್ದಾರೆ.